ಮೀನಿಗೆ ಬಣ್ಣ ಹಚ್ಚಿದ ತಿಂಗಳು

ಸವಣೂರು ಇನ್ನೂ ನವಾಬರ ಸಂಸ್ಥಾನವಾಗಿದ್ದ ಕಾಲ. ಮೂವತ್ತರ ದಶಕದ ಕೊನೆಗೆ ನಾನು ಅಲ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಹಿರೇಕೆರೂರಿನಿಂದ ಅವ್ವನನ್ನು ಕರೆತಂದು ಸಣ್ಣದೊಂದು ಬಾಡಿಗೆ ಮನೆ ಹಿಡಿದಿದ್ದೆ. ನಮ್ಮದು ಲಿಂಗವಂತರ ಮನೆ. ಶಾಲೆಯ ಕರಿಹಲಗೆಯ ಮೇಲೆ ಮೀನಿನ ಚಿತ್ರ ಬರೆದಿದ್ದೆನೇ ಹೊರತು ಒಂದನ್ನೂ ಮುಟ್ಟಿದವನಲ್ಲ.

ನಮ್ಮ ಓಣಿಯ ತುದಿಗೆ ಒಬ್ಬ ಮುದುಕರಿದ್ದರು. ಬೇಟೆಗಾರರು ತಂದ ಪ್ರಾಣಿಯ ಚರ್ಮ ಸುಲಿದು, ಹದ ಮಾಡಿ, ಒಳಗೆ ಹೊಟ್ಟು ತುಂಬಿ, ಜೀವ ಇದ್ದ ಹಾಗೆ ನಿಲ್ಲಿಸುವುದು ಅವರ ಕಸಬು. ಹರೆಯದಲ್ಲಿ ಮುಂಬೈಗೆ ಹೋಗಿ ಕಲಿತು ಬಂದಿದ್ದರಂತೆ. ಊರಿಗೆಲ್ಲ ಅವರು ಚಾಚಾ. ಅವರ ಪಡಸಾಲೆಯ ಗೋಡೆಯ ತುಂಬ ಚಿಗರಿಯ ತಲೆಗಳು. ಮೂಲೆಯಲ್ಲಿ ಗಾಜಿನ ಕಣ್ಣಿಗಾಗಿ ಕಾಯುತ್ತ ಕೂತ ಒಂದು ಚಿರತೆ.

ಒಂದು ದಿನ ಶಾಲೆ ಬಿಟ್ಟು ಬರುವಾಗ ಚಾಚಾ ಕರೆದರು.

"ಮಾಸ್ತರ್ರ, ಒಂದ ಮೀನಿಗೆ ಬಣ್ಣ ಹಚ್ಚಿಕೊಡ್ರಿ. ಚಿಗರಿ ಸತ್ರೂ ಅದರ ಬಣ್ಣ ಸಾಯೂದಿಲ್ಲ. ಮೀನಿಂದು ಹಂಗಲ್ಲ, ಅದರ ಕೂಡನ ಹೋಗತೈತಿ. ನನ್ನ ಕೈ ಈಗ ನಡಗತಾವ."

ಹಲಗೆಗೆ ಬಡಿದ ಮೀನು ನನ್ನ ತೋಳಿಗಿಂತ ಉದ್ದವಿತ್ತು. ಮೈಯೆಲ್ಲ ಹಳೆಯ ಕಾಗದದಂತೆ ಬಿಳಿಚಿಕೊಂಡಿತ್ತು. ಶಿಗ್ಗಾವಿಯ ವಕೀಲರೊಬ್ಬರು ವರದಾ ಹೊಳೆಯಲ್ಲಿ ಗಾಳ ಹಾಕಿ ಹಿಡಿದದ್ದು. ಚರ್ಮಕ್ಕೆ ಹುಳ ಹಿಡಿಯದಂತೆ ಸವರಿದ, ಸೋಮಲವೆಂಬ ವಿಷ ಬೆರೆಸಿದ ಸಾಬೂನಿನ ವಾಸನೆಗೆ ಮೂಗು ಮುಚ್ಚಿಕೊಂಡೆ. ಆದರೂ ಒಪ್ಪಿಕೊಂಡೆ. ಮಾಡಲಾರೆ ಅನ್ನುವುದಕ್ಕೆ ನನ್ನ ಸೊಕ್ಕು ಬಿಡಲಿಲ್ಲ.

ಜೀವಂತ ಮೀನು ನೋಡದೆ ಬಣ್ಣ ಹಚ್ಚುವುದು ಸುಳ್ಳು ಬರೆದಂತೆ ಎನಿಸಿತು. ರವಿವಾರ ಮುಂಜಾನೆ ನಡೆದು ಹೊಳೆಗೆ ಹೋದೆ. ಅಲ್ಲಿಯ ಒಬ್ಬ ಅಂಬಿಗ ಅದೇ ಜಾತಿಯ ಸಣ್ಣ ಮೀನೊಂದನ್ನು ಬಲೆಯಲ್ಲಿಟ್ಟು ದಂಡೆಯ ನೀರಿನಲ್ಲಿ ಇಳಿಬಿಟ್ಟಿದ್ದ. ಬಗ್ಗಿ ನೋಡಿದೆ. ಬೆನ್ನು ಪಾಚಿ ಹಸಿರು, ಹೊಟ್ಟೆ ಬೆಳ್ಳಗೆ, ರೆಕ್ಕೆಯ ತುದಿಗೆ ತುಸು ಕೆಂಪು. ಬರೆದುಕೊಂಡು ಬಂದು, ಒಂದು ವಾರ ಕೂತು, ಕಂಡದ್ದನ್ನು ಕಂಡ ಹಾಗೇ ಹಚ್ಚಿದೆ.

ವಕೀಲರು ಬಂದರು. ಮೀನಿನ ಮುಂದೆ ನಿಂತರು. ಅವರ ಮುಖ ಇಳಿಯಿತು.

"ಇದು ನನ್ನ ಮೀನ ಅಲ್ರಿ."

"ನಾನು ಹೊಳಿಗೆ ಹೋಗಿ ಕಣ್ಣಾರೆ ನೋಡಿ ಬಂದೇನ್ರಿ," ಅಂದೆ. ನನ್ನ ದನಿ ಏರಿತ್ತು.

"ನೀವು ಏನು ನೋಡೀರೋ ಗೊತ್ತಿಲ್ಲ. ನನ್ನ ಮೀನ ಬಂಗಾರದಂಗಿತ್ತು. ನೀರಿಂದ ಮ್ಯಾಲ ಹಾರಿದಾಗ ನನ್ನ ಎದಿ ಝಲ್ ಅಂದಿತ್ತು."

ಹಿಡಿದವರೆಲ್ಲ ದೊಡ್ಡದು ಮಾಡಿಯೇ ಹೇಳುತ್ತಾರೆ ಎಂದುಕೊಂಡೆ. ಆದರೆ ಚಾಚಾ ನಡುವೆ ಬಾಯಿ ಹಾಕಿದರು.

"ಮಾಸ್ತರ್ರ, ನೀವು ನೋಡಿದ್ದು ಮುಂಜಾನೆ, ನೆಳ್ಳಾಗ, ನಿಂತ ನೀರಾಗ. ಇವ್ರು ನೋಡಿದ್ದು ಹೊತ್ತು ಮುಳುಗೂ ಮುಂದ. ಇಬ್ರೂ ಕೂಡಿ ಒಂದ ಸಲ ಹೋಗಿ ಬರ್ರಲ್ಲ."

ಮುಂದಿನ ರವಿವಾರ ಸಂಜೆ ವಕೀಲರೂ ನಾನೂ ಹೊಳೆಯ ದಂಡೆಯ ಮೇಲೆ ಕೂತೆವು. ಹೊತ್ತು ಇಳಿಯುವಾಗ ಅದೇ ಅಂಬಿಗ ಬಲೆ ಎಳೆದ. ನೀರು ಒಡೆದು ಮೀನೊಂದು ಮೇಲೆ ಚಿಮ್ಮಿತು. ಒಂದು ಕ್ಷಣ ಮೈಗೆ ಮೈಯೇ ಬಂಗಾರ. ವಕೀಲರು ನನ್ನ ತೋಳು ಹಿಡಿದರು. "ನೋಡಿದ್ರಿ?" ಅಂದರು.

ನೋಡಿದ್ದೆ. ಆಮೇಲಿನದ್ದನ್ನೂ ನೋಡಿದೆ. ಮರಳಿನ ಮೇಲೆ ಅದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಂತೆ ಬಂಗಾರ ಹೋಯಿತು, ಹಸಿರು ಹೋಯಿತು. ಕೊನೆಗೆ ಚಾಚಾನ ಹಲಗೆಯ ಮೇಲಿನ ಬಿಳಿಚು ಉಳಿಯಿತು. ವಕೀಲರು ಹೊಳೆಯ ಆಚೆ ದಂಡೆ ನೋಡತೊಡಗಿದ್ದರು. ಅಂಬಿಗ ಮೀನನ್ನು ಬುಟ್ಟಿಗೆ ಹಾಕಿ, "ಮನ್ಯಾಗ ರೊಟ್ಟಿ ಬಡ್ಯಾಕತ್ತಾರ, ಬರ್ತೇನ್ರಿ," ಎಂದು ಹೊರಟ. ಅವನಿಗೆ ಅದು ಆ ಹೊತ್ತಿನ ಊಟ. ತಪ್ಪೇನಿದೆ?

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ತಡೆದಳು. ಮೂರು ವಾರದಿಂದ ಅವಳದ್ದು ಇದೇ ಪದ್ಧತಿ. ಹಿತ್ತಲಲ್ಲಿ ಸ್ನಾನ, ವಿಭೂತಿ, ಆಮೇಲೆಯೇ ಒಳಗೆ. ನಾನು ಊಟಕ್ಕೆ ಕೂತು ರೊಟ್ಟಿ ಮುರಿಯದೆ ಇದ್ದದ್ದು ಕಂಡು ಕೇಳಿದಳು.

"ಏನಾತೋ?"

ಹೇಳಿದೆ. ಹಸಿರು ಹಚ್ಚಿದರೆ ಅವರದ್ದಲ್ಲ. ಬಂಗಾರ ಹಚ್ಚಿದರೆ ಮೀನೇ ಅಲ್ಲ, ಹಿತ್ತಾಳೆಯ ಗೊಂಬೆ. ಎರಡೂ ಖರೆ, ಹಚ್ಚುವುದು ಮಾತ್ರ ಒಂದನ್ನೇ.

ಅವ್ವ ಎದ್ದು ಟ್ರಂಕು ತೆರೆದು ತನ್ನ ಮದುವೆಯ ಸೀರೆ ತಂದಳು. ದೀಪದ ಮುಂದೆ ಹಿಡಿದು ಆಚೆ ಈಚೆ ತಿರುಗಿಸಿದಳು. ಹಸಿರು ಇದ್ದದ್ದು ಹಳದಿಯಾಯಿತು, ಮತ್ತೆ ಹಸಿರಾಯಿತು.

"ಧೂಪಛಾಂವ ಸೀರಿ, ಬಿಸಲು ನೆಳ್ಳಿಂದು. ಹಾಸು ಹಸರು, ಹೊಕ್ಕು ಹಳದಿ. ನೇಕಾರ ಎರಡರಾಗ ಒಂದನ್ನ ಬಿಟ್ಟಾನೇನು?"

ಮರುದಿನದಿಂದ ಹೊಸದಾಗಿ ಕುಂಚ ಹಿಡಿದೆ. ಹಸಿರಿನ ಮೇಲೆ, ಒಂದೊಂದು ಹುರುಪೆಯ ಒಂದೇ ಅಂಚಿಗೆ, ಕೂದಲೆಳೆಯಷ್ಟು ಬಂಗಾರದ ಪುಡಿಯ ಗೆರೆ. ಒಂದು ಸಾಲು ಮುಗಿಸುವುದರಲ್ಲಿ ಕಣ್ಣು ಮಂಜಾಗುತ್ತಿತ್ತು. ಕೆಟ್ಟರೆ ಚಾಚಾ ಒರೆಸಿಕೊಡುತ್ತಿದ್ದರು. ಕೊನೆಗೆ ತೆಳ್ಳಗೆ ವಾರ್ನಿಶ್ ಹೊಡೆದೆವು.

ವಕೀಲರು ಬಾಗಿಲಲ್ಲಿ ನಿಂತು ನೋಡಿದರು. ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಸರಿದು ನೋಡಿದರು, ಮತ್ತೆ ಹಿಂದಕ್ಕೆ ಬಂದರು. ಅವರು ನಡೆದಂತೆ ಬೆಳಕು ಮೀನಿನ ಮೈಮೇಲೆ ಹರಿಯುತ್ತಿತ್ತು. "ಇದ ನೋಡ್ರಿ ನನ್ನ ಮೀನ," ಅಂದರು. ಮೀನಿನ ಹತ್ತಿರ ಬಗ್ಗಿ, "ಹಿಡದವ ನಾನ. ಆದ್ರ ಅದು ಹೆಂಗಿತ್ತು ಅಂತ ಇಷ್ಟ ನೆಟ್ಟಗ ಅವತ್ತ ನೋಡಿರ್ಲಿಲ್ಲ," ಅಂದರು.

ಅವರು ಗಾಳ ಬಿಟ್ಟರೆಂದಲ್ಲ. ಆಮೇಲೂ ಹೊಳೆಗೆ ಹೋಗುತ್ತಿದ್ದರು, ಹಿಡಿಯುತ್ತಿದ್ದರು, ತಿನ್ನುತ್ತಿದ್ದರು. ಚಾಚಾನ ಬಳಿಗೆ ಮಾತ್ರ ಇನ್ನೊಂದು ಮೀನು ತರಲಿಲ್ಲ. ನನ್ನ ಸೊಕ್ಕು ಆ ತಿಂಗಳಲ್ಲಿ ಎಷ್ಟೋ ಇಳಿಯಿತು. ಕಣ್ಣಾರೆ ಕಂಡೆ ಎನ್ನುವ ಮಾತನ್ನು ಆಡುವ ಮುಂಚೆ, ಯಾವ ಹೊತ್ತಿನಲ್ಲಿ ಕಂಡೆ ಎಂದು ಕೇಳಿಕೊಳ್ಳುವ ಚಟ ಹತ್ತಿತು.

ಮೀನು ಶಿಗ್ಗಾವಿಗೆ ಹೋದ ದಿನ ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಿ ಕೇಳಿದಳು.

"ಅದು ಕಣ್ಣು ಮುಚ್ಚತೈತೇನೋ?"

"ಇಲ್ಲವ್ವ. ಮೀನಿಗೆ ರೆಪ್ಪಿ ಇರೂದಿಲ್ಲ."

"ಹಂಗಾರ ನಿದ್ದಿ ಹೆಂಗ ಮಾಡತೈತಿ?"

ಒಂದು ತಿಂಗಳು ಅದರ ಮುಂದೆ ಕೂತಿದ್ದೆ. ನನಗೆ ಗೊತ್ತಿರಲಿಲ್ಲ.