ಹಸಿರು ಬಾಯಿ, ಗುಲಾಬಿ ಕಿವಿ

ನಮಗೆ ಕಂಪ್ಯೂಟರ್ ಕಲಿಸಿದ ಅಕ್ಕೋರ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಓಲೆ ಬಲಗಿವಿಗೆ ಮಾತ್ರ. ಆ ಎಡಗಿವಿ ಕೇಳುತ್ತಲೂ ಇರಲಿಲ್ಲ. ಜ್ವರ ಬಂದು ಕಿವಿ ಹೋಯಿತು ಎಂದು ಅವರ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಜ್ವರಕ್ಕೆ ಕಿವಿಯ ಹಾಲೆ ಹರಿಯುತ್ತದೆಯೇ ಎಂದು ಯರಗಟ್ಟಿಯ ಒಬ್ಬ ಗಂಡಸೂ ಅವನನ್ನು ಕೇಳಲಿಲ್ಲ, ಅವರ ಬಾಯಾಗ ಮಣ್ಣು ಬೀಳಲಿ.

ಅವನನ್ನು ಬಿಟ್ಟು ಬಂದು ಅಕ್ಕೋರು ಬಜಾರಿನಲ್ಲಿ ಕ್ಲಾಸು ತೆರೆದಿದ್ದರು. ಉದ್ದನೆಯ ಖೋಲಿ, ತುಂಬ ಹುಡುಗಿಯರು. ತಮ್ಮ ದನಿ ತಮಗೇ ಸರಿಯಾಗಿ ಕೇಳದ ಕಾರಣ ಮೈಕಿನಲ್ಲೇ ಪಾಠ. ಮೊದಲ ದಿನವೇ ಸಿಪಿಯು ಬೆನ್ನು ತಿರುಗಿಸಿ ನಮ್ಮ ಮುಂದಿಟ್ಟು, ಪಿನ್ನು ಚುಚ್ಚುವ ಬಣ್ಣದ ತೂತು ತೋರಿಸಿದರು.

"ಹಸಿರು ಬಾಯಿ, ಸ್ಪೀಕರ್ ಇದಕ್ಕ. ಗುಲಾಬಿ ಕಿವಿ, ಮೈಕ್ ಇದಕ್ಕ. ನೀಲಿ ಮಂದಿ ಮಾತು, ಮೊಬೈಲಿನ ಹಾಡು ಇದರಾಗಿಂದ ಬರತೈತಿ."

ನಾನು ಸ್ಪೀಕರಿನ ಪಿನ್ನನ್ನು ಗುಲಾಬಿಗೆ ತುರುಕಿದೆ. ಅಡಿಪಟ್ಟಿಯಿಂದ ಬೆರಳ ಗೆಣ್ಣಿಗೆ ಬಿತ್ತು ಏಟು. "ಕಿವ್ಯಾಗ ಅನ್ನ ಹಾಕಿದ್ರ ಹೊಟ್ಟಿ ತುಂಬತೈತೇನ ನಿಂದು?" ಎಂದರು. ಎಡಗಡೆಯ ಸ್ಪೀಕರ್ ನಡೆದಿದೆಯೋ ಇಲ್ಲವೋ ನೋಡಲು ಅದರ ಮೇಲೆ ಅಂಗೈ ಇಡುತ್ತಿದ್ದರು. "ಅದುರಾಕತ್ತೈತಿ" ಎಂದರೆ ಎಲ್ಲ ಸರಿ ಇದೆ ಎಂದರ್ಥ.

ನಾನು ಕಲಿಯುತ್ತಿದ್ದ ವರ್ಷವೇ ಅವರ ಗಂಡ ಓಣಿಯ ಹಿರಿಯರ ಕಿವಿ ತುಂಬಿದ. ಎದುರಿನ ಬಟ್ಟೆ ಅಂಗಡಿಯ ಹಿರಿಯರೇ ಬಂದು, "ಅಮಾಸಿ ಮುಗಿಸಿ ಕ್ಲಾಸ್ ಬಂದ್ ಮಾಡವ್ವಾ. ಗಂಡನ ಮನಿಗಿ ಹೋಗು" ಎಂದು ತೀರ್ಮಾನ ಹೇಳಿ ಹೋದರು. ಅವರು ಹೋದ ಮೇಲೆ ಅಕ್ಕೋರು ನಮ್ಮ ಕಡೆ ತಿರುಗಿ, "ಆ ಮನಿಗಿ ಹೋದ್ರ ನಾ ಹೆಣಾ ಆಗೇ ಹೊರಗ ಬರತೇನಿ" ಎಂದರು.

ಅಮಾವಾಸ್ಯೆಗೆ ಅಂಗಡಿಯವರೆಲ್ಲ ಮಷೀನು ಒರೆಸಿ ಪೂಜೆ ಮಾಡುವುದು ನಮ್ಮ ಕಡೆ ರೂಢಿ. ನಾವೂ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಸ್ಪೀಕರ್ ಎರಡನ್ನೂ ಹೊರಗಿನ ಕಟ್ಟೆಯ ಮೇಲಿಟ್ಟು, ಮೊಬೈಲಿನಿಂದ ದೇವರ ಹಾಡು ಹಚ್ಚಿದ್ದೆವು. ಕಾಯಿ ಒಡೆಯುವಾಗ ಅವರ ಗಂಡ ಕುಡಿದು ಒಳಗೆ ನುಗ್ಗಿದ. "ಬಂದ್ ಮಾಡಲೇ ಇದನ್ನ" ಎನ್ನುತ್ತ ಸಿಪಿಯು ಹಿಂದೆ ಕೈಹಾಕಿ, ಸಿಕ್ಕ ವೈರನ್ನು ಕಿತ್ತೆಸೆದ. ಅದು ನೀಲಿಯದು. ಹಾಡು ನಿಂತಿತು. ಸ್ಪೀಕರೇ ನಿಂತಿತು ಎಂದುಕೊಂಡ ಮೂಳ. ಹಸಿರೂ ಗುಲಾಬಿಯೂ ಇದ್ದಲ್ಲೇ ಇದ್ದವು. ಅಕ್ಕೋರು ಪೂಜೆಯ ಹೂವಿನ ಸರದಡಿ ಬೆರಳಾಡಿಸಿ ಅಲ್ಲಿದ್ದ ಮೈಕಿನ ಗುಂಡಿ ಒತ್ತಿದ್ದನ್ನು ನಾನು ಕಂಡೆ.

"ನನ್ನ ಕಿವಿ ಏನಾತು, ಈ ಹುಡುಗ್ಯಾರಿಗಿ ಹೇಳ್ರಿ."

"ನಾನ ಒಡದೇನಿ! ಊದುಗೊಳವಿಲೆ ಹೊಡದೇನಿ, ಓಲಿ ಹಿಡದು ಜಗ್ಗೇನಿ. ಜ್ವರ ಅಂದೆ, ಆ ಬಟ್ಟಿ ಅಂಗಡಿ ಮುದಿಯಾ ನಂಬ್ಯಾನ. ನಾಳೆ ಮನಿಗಿ ಬಾ, ಇನ್ನೊಂದೂ ಒಡೀತೇನಿ."

ಅವನು ಚೀರುವ ಭರದಲ್ಲಿ ತನ್ನ ದನಿ ಕಟ್ಟೆಯ ಸ್ಪೀಕರಿನಿಂದ ಬಜಾರಿನಲ್ಲಿ ಮೊಳಗುವುದು ಅವನಿಗೆ ತಡವಾಗಿ ತಿಳಿಯಿತು. ತಿಳಿದದ್ದೇ ತಡ, ಕಬ್ಬಿಣದ ಕುರ್ಚಿ ಎತ್ತಿ ಮಾನಿಟರ್ ಪುಡಿ ಮಾಡಿದ. ಅಕ್ಕೋರ ತುರುಬು ಹಿಡಿದು ಹಣೆಯನ್ನು ಮೇಜಿಗೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಆ ಏಟಿನ ಸದ್ದೂ ಬೀದಿಗೆ ಕೇಳಿತು. ನಾವು ಅವನ ಕೈ ಕಚ್ಚಿದೆವು, ಅವನು ತುರುಬು ಬಿಡಲಿಲ್ಲ. ಅಷ್ಟರಲ್ಲಿ ಬಟ್ಟೆ ಅಂಗಡಿಯ ಹಿರಿಯರು ಅಳತೆಯ ಗಜಕೋಲು ಹಿಡಿದೇ ಓಡಿ ಬಂದರು, ಹಿಂದೆ ಮಂದಿ. ಅವನ ಮೂಗಿನಿಂದ, ಬಾಯಿಂದ ರಕ್ತ ಸುರಿಯುವ ಹಾಗೆ ಹೊಡೆದು ಹೊರಗೆ ಎಳೆದರು. ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ಅಕ್ಕೋರ ಕಣ್ಣಿಗೆಲ್ಲ ರಕ್ತ ಇಳಿದಿತ್ತು. ಗೋಡೆ ಹಿಡಿದು ಕಟ್ಟೆಗೆ ಬಂದು ಎಡಗಡೆಯ ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಹಿರಿಯರು ತಲೆ ತಗ್ಗಿಸಿ ನಿಂತಿದ್ದರು.

"ನನಗ ಜ್ವರ ಬಂದಿತ್ತು, ಹೌದಲ್ರಿ?" ಎಂದರು ಅವರಿಗೆ.

ಆಮೇಲೆ ಕ್ಲಾಸು ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಹೋದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಳ್ಳುವ ತನಕ ಅದು ನಡೆಯಿತು.

ನನ್ನನ್ನು ರಾಮದುರ್ಗಕ್ಕೆ ಕೊಟ್ಟರು. ಗಂಡ ಮೊದಲ ಸಲ ಕೈ ಎತ್ತಿದ ದಿನ ನಾನು ಅಳಲಿಲ್ಲ. ಬೀದಿಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ, "ಈಗ ಹೊಡೀರಿ, ಯಾಕ ಹೊಡೀತೀರಿ ಅದನ್ನೂ ಹೇಳ್ರಿ" ಎಂದೆ. ಬಾವಿಗೆ ಹೊರಟ ಹೆಂಗಸರು ನಿಂತು ನೋಡಿದರು. ಅವನ ಕೈ ಕೆಳಗಿಳಿಯಿತು, ಮತ್ತೆ ಏಳಲಿಲ್ಲ.

ನನ್ನ ಎರಡೂ ಕಿವಿಯಲ್ಲಿ ಓಲೆ ಇವೆ.