ಕಿವಿಯ ಹಿಂದಿನ ಗೂಟ

ನಮ್ಮ ನೇಯ್ಗೆ ಮಾಸ್ತರರ ಬಲಗಿವಿಯ ಹಿಂದೆ ಯಾವಾಗಲೂ ಒಂದು ಕಟ್ಟಿಗೆಯ ಗೂಟ ಇರುತ್ತಿತ್ತು. ಕಿರುಬೆರಳಿನ ಅರ್ಧದಷ್ಟು ಉದ್ದ, ಎಣ್ಣೆ ಕುಡಿದು ಕಪ್ಪಾದದ್ದು. ಬೇರೆ ಗಂಡಸರು ಬೀಡಿ ಸಿಗಿಸಿಕೊಳ್ಳುವ ಜಾಗ ಅದು. ಗೂಟ ಇದ್ದು ಇದ್ದು ಆ ಕಿವಿ ಮುಂದಕ್ಕೆ ಬಾಗಿತ್ತು.

ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಎರಡು ಮೂರು ವರ್ಷವಾಗಿತ್ತು. ನಾನು ಗರಗದಲ್ಲಿ ಚರಕ ತಿರುಗಿಸುತ್ತಿದ್ದೆ. ಹುಬ್ಬಳ್ಳಿಯ ನೇಯ್ಗೆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೂ ಮೂರು ತಿಂಗಳು ಕುಬಸದ ಕಣದ ಬಟ್ಟೆ ನೇಯುವುದನ್ನು ಕಲಿಸುತ್ತಾರೆ, ಪಾಸಾದರೆ ಅಲ್ಲೇ ಮಗ್ಗದ ಕೆಲಸ ಎಂದು ಕೇಳಿ, ಗೋಪನಕೊಪ್ಪದ ಸೋದರತ್ತೆಯ ಮನೆಗೆ ಬಂದು ಕೂತೆ. ನಾಲ್ಕನೇ ಇಯತ್ತೆ ಕಲಿತಿರಬೇಕೆಂಬ ನಿಯಮವಿತ್ತು. ನನ್ನ ಸಾಲಿ ಎರಡನೆಯದಕ್ಕೇ ಮುಗಿದಿತ್ತು. ಶಾಲೆಯ ಸಾಹೇಬರು ಅರ್ಜಿ ಪಕ್ಕಕ್ಕಿಟ್ಟರು. ಮಾಸ್ತರರು ಒಂದು ಹಿಡಿ ನೂಲಿನ ಎಳೆ ನನ್ನ ಕೈಗೆ ಕೊಟ್ಟು, "ಎಷ್ಟದಾವ?" ಎಂದರು. ಕಣ್ಣು ಮುಚ್ಚಿ ಬೆರಳಾಡಿಸಿ "ಅರವತ್ನಾಕು" ಎಂದೆ. ಸಾಹೇಬರು ತಾವೇ ಎಣಿಸಿದರು. ಅರವತ್ನಾಲ್ಕೇ ಇತ್ತು.

"ಪರೀಕ್ಷಾದಾಗ ನಪಾಸಾದ್ರ ತಿರುಗಿ ಗರಗಕ್ಕ," ಎಂದರು ಸಾಹೇಬರು.

"ಆಕಿ ಹೋಗೂದಿಲ್ರಿ," ಎಂದರು ಮಾಸ್ತರರು.

ಶಾಲೆಯ ಮಗ್ಗ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮಗ್ಗದ ತಲೆಯ ಮೇಲೆ ಕಟ್ಟಿಗೆ ಪಟ್ಟಿಗಳ ಸರಪಳಿ ಸುತ್ತುತ್ತಿತ್ತು. ಪಟ್ಟಿಯ ತುಂಬ ತೂತು. ತೂತಿಗೆ ಗೂಟ ಹಾಕಿದರೆ ಆ ಎಳೆಗಳು ಏಳುತ್ತವೆ, ಹಾಕದಿದ್ದರೆ ಬಿದ್ದಿರುತ್ತವೆ. ಇರುವುದು ಎರಡೇ ಮಾತು, ಹೌದು ಮತ್ತು ಇಲ್ಲ. ಅಷ್ಟರಲ್ಲೇ ಗಿಳಿ ಬರುತ್ತಿತ್ತು, ಹೂವು ಬರುತ್ತಿತ್ತು! ಒಂದು ಸಲ ಗೂಟ ಜೋಡಿಸಿದರೆ ಸಾಕು, ತುಳಿದಷ್ಟೂ ಗಿಳಿ. ನಾನು ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಮೇಲೆ ಬೆರಳಿನಿಂದ ತೂತು ಮಾಡುತ್ತಿದ್ದೆ. ಅತ್ತೆ, "ಹುಡುಗಿಗೆ ಏನರ ಬಡದೈತಿ," ಎಂದು ಬೈಯುತ್ತಿದ್ದಳು.

ಮಾಸ್ತರರದು ಮಾತು ಕಡಿಮೆ. ಆಡಿದ್ದನ್ನೇ ಆಡುತ್ತಿದ್ದರು. "ಮಗ್ಗಕ್ಕ ಬುದ್ಧಿ ಇಲ್ಲ. ನೀ ಹೇಳಿದಷ್ಟ ಮಾಡತೈತಿ. ನಿನ್ನ ಮನಸಿನಾಗಿಂದು ಅದಕ್ಕ ತಿಳಿಯೂದಿಲ್ಲ." ಇನ್ನೊಂದು, "ಒಮ್ಮೆ ತಪ್ಪಿದ್ರ ಎಳಿದು ತಪ್ಪು. ಪ್ರತಿ ಸಲಾನೂ ತಪ್ಪಿದ್ರ ಸರಪಳಿದು ತಪ್ಪು. ಎದ್ದು ಹುಡುಕು."

ಮೊದಲ ವಾರ ಚೌಕಳಿ ಎಳೆದ ಕಾಗದದ ಮೇಲಿನ ಗಿಳಿ ನೋಡಿ ಗೂಟ ಹಾಕಲು ಹೇಳಿದರು. ಜೊತೆಯ ನಾಲ್ವರು ಹುಡುಗಿಯರೂ ಏಳನೇ ಇಯತ್ತೆ ಓದಿದವರು. ಪುಸ್ತಕ ಓದಿದಂತೆ ಮೇಲಿನ ಸಾಲಿನಿಂದ ಶುರು ಮಾಡಿದರು. ನೇಯ್ದಾಗ ಗಿಳಿಗಳ ಕಾಲು ಮೇಲೆ! ಬಟ್ಟೆ ತಿರುಗಿಸಿ ಹಿಡಿದರೆ ಕಾಲು ಕೆಳಗೆ ಬಂತು, ಮುಖ ಮಾತ್ರ ಆಚೆ ಕಡೆಗಾಯಿತು.

"ಧಾರವಾಡಕ್ಕ ಹೋಗಬೇಕಾದ ಗಿಳಿ ಗದಗಕ್ಕ ಹೊಂಟಾವಲ್ರಿ ಬಾಯಾರ," ಎಂದರು ಮಾಸ್ತರರು.

ನನಗೆ ಓದುವ ಚಟವೇ ಇರಲಿಲ್ಲ. ಬಟ್ಟೆ ಬುಡದಿಂದ ಬೆಳೆಯುತ್ತದೆ, ನಾನೂ ಬುಡದಿಂದ ಹಾಕಿದ್ದೆ. ನನ್ನ ಗಿಳಿ ಧಾರವಾಡಕ್ಕೇ ಹೊರಟಿತ್ತು.

ಪರೀಕ್ಷೆಯ ದಿನ ಸಾಹೇಬರು ಖುರ್ಚಿ ಹಾಕಿಸಿಕೊಂಡು ಕೂತರು. ನನ್ನ ಸರಪಳಿ ನಾನೇ ಜೋಡಿಸಿ, ಎರಡು ಸಲ ಎಣಿಸಿ, ನೀರು ಕುಡಿದು ಬಂದೆ. ಲಾಳಿ ಓಡಿತು. ಮೊದಲ ಗಿಳಿಗೆ ಕೊಕ್ಕಿಲ್ಲ. ಎರಡನೆಯದಕ್ಕೂ ಇಲ್ಲ.

"ಇದು ಗಿಳಿನೋ ಕಪ್ಪೆನೋ?" ಸಾಹೇಬರು ನಕ್ಕರು. "ನಾ ಆವತ್ತ ಹೇಳಿದ್ದೆ, ಎರಡನೇ ಇಯತ್ತೆ ಅಂತ."

ಗರಗದ ಚರಕ ಕಣ್ಣ ಮುಂದೆ ಬಂತು. ಎರಡು ಸಲ ತಪ್ಪಿದೆ, ಹಾಗಾದರೆ ಎಳೆಯ ತಪ್ಪಲ್ಲ, ಸರಪಳಿಯದು. ಮಗ್ಗ ನಿಲ್ಲಿಸಿ ಸ್ಟೂಲು ಹತ್ತಿದೆ. ಕೊಕ್ಕಿನ ಸಾಲು ಹನ್ನೊಂದನೆಯದು. ಹನ್ನೊಂದನೇ ಪಟ್ಟಿಯ ಮೂರನೇ ತೂತು ಖಾಲಿ. ಅಲ್ಲಿ ನಾನು ಗೂಟ ಹಾಕಿದ್ದೆ, ಹೆಬ್ಬೆರಳಿನಿಂದ ಒತ್ತಿದ್ದೂ ನೆನಪಿತ್ತು. ಮೇಲಿನಿಂದಲೇ ಮಾಸ್ತರರನ್ನು ನೋಡಿದೆ. ಬಲಗಿವಿಯಲ್ಲಿ ಎಂದಿನ ಗೂಟ. ಎಡಗಿವಿಯಲ್ಲಿ ಇನ್ನೊಂದು!

"ಮಾಸ್ತರ, ಎಡಗಿವ್ಯಾಗಿಂದು ಕೊಡ್ರಿ. ಅದು ನಂದು."

ಅವರು ತೆಗೆದುಕೊಟ್ಟರು. ಹಾಕಿದೆ, ತುಳಿದೆ. ಮೂರನೇ ಗಿಳಿಗೆ ಕೊಕ್ಕು ಬಂತು. ಸಾಹೇಬರು ಎದ್ದು ಬಂದು ಬಗ್ಗಿ ನೋಡಿದರು. ನನ್ನ ಹೆಸರಿನ ಮುಂದೆ ಪಾಸು ಎಂದು ಬರೆದರು. ನಾನು ಸ್ಟೂಲಿನ ಸುತ್ತ ಕುಣಿಯುವುದೊಂದು ಬಾಕಿ.

ಸಾಹೇಬರು ಹೋದ ಮೇಲೆ ಮಾಸ್ತರರ ಮೇಲೆ ಹರಿಹಾಯ್ದೆ. "ಬರೇ ನಂದ ಯಾಕ ತಗದ್ರಿ?"

"ನೀ ತಪ್ಪಿಲ್ದ ನೇಯ್ದಿದ್ರ, ಬ್ಯಾರೆದವ್ರು ಜೋಡಿಸಿ ಕೊಟ್ಟಾರ ಅಂತಿದ್ರು. ಎದುರಿಗೆ ತಪ್ಪು ಹುಡುಕಿದಾಕಿಗೆ ಯಾರು ಏನಂತಾರ?"

"ಸಿಗಲಿಲ್ಲಂದ್ರ?"

"ಸಾಹೇಬರು ಹೇಳಿದ್ದ ಖರೇ ಅಂತಿದ್ದೆ," ಎಂದು ಚಹಾ ಕುಡಿಯಲು ಹೋದರು.

ಆ ಮಗ್ಗದ ಮೇಲೆಯೇ ನನ್ನ ಆಯುಷ್ಯ ಕಳೆಯಿತು. ಗಂಡ ಬಂದ, ಮಕ್ಕಳಾದರು, ಸರಪಳಿ ಬಿಡಲಿಲ್ಲ. ಹೊಸಬರು ಕಲಿಯಲು ಬಂದಾಗ ನಾನೂ ಅವರ ಗೂಟ ಕದ್ದಿದ್ದೇನೆ. ಅತ್ತವರೂ ಇದ್ದಾರೆ, ಬೈದವರೂ ಇದ್ದಾರೆ. ಬೈದವರು ಚೆನ್ನಾಗಿ ಕಲಿತರು.

ಮಾಸ್ತರರು ತೀರಿಕೊಂಡ ದಿನ ಅವರ ಮನೆಗೆ ಹೋದೆ. ಮೈ ತೊಳೆದು ಮಲಗಿಸಿದ್ದರು. ಬಲಗಿವಿ ಖಾಲಿ ಇತ್ತು, ಆದರೂ ಮುಂದಕ್ಕೇ ಬಾಗಿತ್ತು. ಗೂಟ ಗೋಡೆಯ ಗೂಡಿನಲ್ಲಿ ಕನ್ನಡಕದ ಪಕ್ಕ ಬಿದ್ದಿತ್ತು. ಯಾರನ್ನೂ ಕೇಳದೆ ತೆಗೆದುಕೊಂಡೆ. ನನ್ನದನ್ನು ಅವರೂ ಕೇಳಿ ತೆಗೆದಿರಲಿಲ್ಲ.