ಬೂದಿಯ ಮೇಲೆ ನೆಟ್ಟಗಿನ ಬೆರಳು

ಪೋಮಾಳಿಗೆ ಅನುಮಾನ ಹುಟ್ಟಿದ್ದು ಬೂದಿಯ ಮೂಟೆ ಬಿಚ್ಚಿದಾಗ. ಕೋಕೊ ಕಾಯಿಯ ಸಿಪ್ಪೆ ಒಣಗಿಸಿ ಸುಟ್ಟ ಬೂದಿ ಅದು. ಮೂಟೆ ಕಟ್ಟುವ ಮೊದಲು ಬೂದಿಯ ಮೇಲೆ ಬಲ ಅಂಗೈ ಒತ್ತಿ ಗುರುತು ಮಾಡಿಡುವುದು ಅವಳ ಪದ್ಧತಿ. ಯಾರಾದರೂ ಕೈ ಹಾಕಿದರೆ ಗುರುತು ಕೆಡಬೇಕು. ಅವತ್ತು ಗುರುತು ಕೆಟ್ಟಿರಲಿಲ್ಲ, ಐದು ಬೆರಳೂ ಚೆನ್ನಾಗಿ ಮೂಡಿದ್ದವು. ತೊಂದರೆ ಇದ್ದದ್ದೇ ಅಲ್ಲಿ. ಪೋಮಾಳ ಕಿರುಬೆರಳು ಒನಕೆ ಏಟಿಗೆ ಸಿಕ್ಕಿ ಸೊಟ್ಟಗಾಗಿ ಎಷ್ಟೋ ವರ್ಷವಾಗಿತ್ತು. ಬೂದಿಯಲ್ಲಿದ್ದ ಕಿರುಬೆರಳು ನೆಟ್ಟಗಿತ್ತು.

ಮನೆಯಲ್ಲಿ ಇದ್ದವರು ಮೂರೇ ಜನ. ಮಗ ದೊಂಕೊನ ಅಂಗೈ ಗುದ್ದಲಿಯಷ್ಟು ಅಗಲ. ಉಳಿದವಳು ಸೊಸೆ ಫೋಸುವಾ.

ಪೋಮಾಳ ಸಂಶಯ ನಮ್ಮೂರಿಗೆ ಹೊಸದಲ್ಲ. ಮೊಟ್ಟೆ ಕೊಂಡರೆ ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ನೋಡುವವಳು ಅವಳು. ಪಾದ್ರಿ ಎಲ್ಲರೂ ಕಣ್ಣು ಮುಚ್ಚಿ ಎಂದಾಗ ಒಂದು ಕಣ್ಣು ತೆರೆದಿಟ್ಟುಕೊಂಡು ತನ್ನ ಕೊಡೆ ಕಾಯುವವಳು. ಆದರೆ ಅವಳ ಕಪ್ಪು ಸೋಪಿನ ವಿಷಯದಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ. ಆ ಮನೆಯಲ್ಲಿ ತಲೆಗೂ ಅದೇ, ಮೈಗೂ ಅದೇ, ಫುಫು ಮುದ್ದೆ ತಿಂದ ಬಟ್ಟಲಿಗೂ, ಬಟ್ಟೆಗೂ, ನೆಲಕ್ಕೂ ಅದೇ. ಅಂಗಡಿಯ ಸೋಪು ಆ ಹೊಸಿಲು ದಾಟಿದ್ದಿಲ್ಲ. ಅಂಗಡಿಯವನು ಅದರಲ್ಲಿ ಏನು ಬೆರೆಸಿದ್ದಾನೋ ಯಾರು ಕಂಡರು ಎಂಬುದು ಅವಳ ವಾದ.

ಸೋಪಿನ ಜೀವ ಇರುವುದು ಬೂದಿನೀರಿನಲ್ಲಿ. ತಳದಲ್ಲಿ ತೂತಿರುವ ಮಡಕೆಗೆ ಬೂದಿ ತುಂಬಿ, ಮೇಲಿಂದ ನೀರು ಹೊಯ್ದರೆ ಕೆಳಗೆ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತದೆ. ಅದು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಒಂದು ತೊಟ್ಟು ನಾಲಿಗೆಯ ತುದಿಗೆ ಮುಟ್ಟಿಸಬೇಕು. ಚುರುಕ್ ಎಂದು ಕಚ್ಚಬೇಕು, ಸುಡಬಾರದು. ಆ ಕಚ್ಚುವಿಕೆ ಎಷ್ಟಿರಬೇಕು ಎಂಬುದನ್ನು ಪೋಮಾಳ ತಾಯಿ ಪೋಮಾಳ ನಾಲಿಗೆಗೆ ಕಲಿಸಿದ್ದಳು. ಅದು ತಾಯಿಯ ಬಳ್ಳಿಯಲ್ಲೇ ಹರಿಯಬೇಕಾದ ವಿದ್ಯೆ. ನಮ್ಮಲ್ಲಿ ಮಗಳ ಮಕ್ಕಳು ನಮ್ಮ ಕುಲ, ಮಗನ ಮಕ್ಕಳು ಸೊಸೆಯ ಕುಲ. ಸೊಸೆಗೆ ಕಲಿಸಿದರೆ ವಿದ್ಯೆ ಬೇಲಿ ಹಾರಿತು ಎಂದೇ ಲೆಕ್ಕ. ಹಾಗಾಗಿ ಫೋಸುವಾ ಸಿಪ್ಪೆ ಹೊರಬಹುದು, ತಾಳೆಬೀಜ ಕುಟ್ಟಿ ಎಣ್ಣೆ ತೆಗೆಯಬಹುದು. ನಾಲಿಗೆಯ ಪರೀಕ್ಷೆ ನಡೆಯುವಾಗ ಮಾತ್ರ ಹೊರಗೆ ಹೋಗಬೇಕು.

ಪಕ್ಕದ ಮನೆಯ ಕೊನಾಡು ಬೇಲಿಯಾಚೆಯಿಂದಲೇ ಬೆಂಕಿಗೆ ಎಣ್ಣೆ ಸುರಿದಳು.

"ಅಕ್ಕಾ, ನಿನ್ನ ಸೊಸೆ ತಾಯಿ ಗೋವಾಸೊ ಸಂತೇಲಿ ಸೋಪಿಗೆ ಜಾಗ ಹಿಡಿದಿದ್ದಾಳಂತೆ. ನಾನಂತೂ ನೋಡಿಲ್ಲಪ್ಪ. ಕೇಳಿದ್ದು ಹೇಳ್ದೆ."

"ಯಾರು ಹೇಳಿದ್ದು?"

"ಊರೇ ಹೇಳುತ್ತೆ. ನನ್ನ ಹೆಸರು ಎಲ್ಲೂ ತರಬೇಡ ಮಹಾರಾಯ್ತಿ."

ಅಲ್ಲಿಂದ ಪೋಮಾ ಮೈಯೆಲ್ಲ ಕಣ್ಣಾದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಹಾಗೆ, ಸೊಸೆ ನಡೆದರೂ ತಪ್ಪು, ನಿಂತರೂ ತಪ್ಪು. ಮೊಣಕೈಗೆ ಬೂದಿ ಅಂಟಿದ್ದು ಯಾಕೆ? ಮಧ್ಯಾಹ್ನ ತಾನು ಅಡ್ಡಾದ ಹೊತ್ತಿಗೇ ಹಿತ್ತಲಲ್ಲಿ ಮಡಕೆ ಸದ್ದು ಯಾಕೆ? ಊಟದಲ್ಲೂ ಮೋಸ ಕಾಣತೊಡಗಿತು. ಶೇಂಗಾ ಸಾರು ಸಪ್ಪೆ. ಇವಳು ಉಪ್ಪನ್ನೂ ಕದ್ದು ತವರಿಗೆ ಸಾಗಿಸುತ್ತಿದ್ದಾಳೆ ಎಂದುಕೊಂಡು ಪೋಮಾ ತಾನೇ ಎದ್ದು ಒಂದು ಹಿಡಿ ಉಪ್ಪು ಸುರಿದಳು.

ದೊಂಕೊ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದ. "ಅವ್ವಾ, ಇದೇನು ಸಾರಾ ಸಮುದ್ರಾನಾ?"

"ಹೆಂಡತಿ ಕಡೆ ಮಾತಾಡು, ಇನ್ನೇನ್ ಮಾಡ್ತೀಯ!"

ಫೋಸುವಾ ತಲೆ ತಗ್ಗಿಸಿಕೊಂಡು ತಿಂದಳು. ಆ ತಗ್ಗಿದ ತಲೆಯೂ ಕಳ್ಳಿಯ ಗುರುತಾಗಿಯೇ ಪೋಮಾಳಿಗೆ ಕಂಡಿತು.

ಇಷ್ಟರಲ್ಲಿ ಕುಮಾಸಿ ಪಟ್ಟಣದಿಂದ ಮಗಳು ದೂಫಿಯೆ ಫೋನು ಮಾಡಿದಳು. ಮುಂದಿನ ತಿಂಗಳು ಹೆರಿಗೆ. ಹುಟ್ಟಿದ ಮಗುವಿಗೆ ಅಜ್ಜಿಯೇ ಬಂದು, ಅಜ್ಜಿಯ ಸೋಪಿನಲ್ಲೇ ಮೀಸಬೇಕು. ಪೋಮಾಳ ಎದೆ ಹಿಗ್ಗಿತು, ಮರುಗಳಿಗೆಯೇ ಹೆದರಿತು. ಎಳೆಗೂಸಿನ ಚರ್ಮ. ಬೇರೆ ಕುಲದವಳ ಕೈ ಬೂದಿನೀರಿಗೆ ಬಿದ್ದು, ಹೆಚ್ಚುಕಡಿಮೆಯಾಗಿ, ಮಗುವಿನ ಮೈ ಬೆಂದರೆ?

"ಈ ಸಲ ನೀನು ಹಿತ್ತಲಿಗೆ ಕಾಲಿಡಬೇಡ," ಎಂದಳು ಸೊಸೆಗೆ.

ಫೋಸುವಾಳ ಮುಖ ಕಪ್ಪಿಟ್ಟಿತು. "ಅತ್ತೆ, ಈ ಸಲನಾದ್ರೂ ನಾನು ಜೊತೇಲಿರ್ತೀನಿ. ಮಗುಗೆ ಅಂತ ಮಾಡ್ತಿರೋದು..."

"ಅದಕ್ಕೇ ಬೇಡ ಅಂದಿದ್ದು."

ಪೋಮಾ ಒಬ್ಬಳೇ ಬೂದಿ ತುಂಬಿದಳು, ನೀರು ಹೊಯ್ದಳು. ಮಧ್ಯಾಹ್ನ ಮಲಗಲಿಲ್ಲ. ಮಡಕೆಯ ಎದುರು ಮಣೆ ಹಾಕಿಕೊಂಡು ಕೂತು, ತೂಕಡಿಕೆ ಬಂದಾಗಲೆಲ್ಲ ತನ್ನ ತೊಡೆ ತಾನೇ ಚಿವುಟಿಕೊಂಡಳು. ನಾಲಿಗೆಗೆ ಮುಟ್ಟಿಸಿ ನೋಡಿದಳು. ಸರಿಯಾಗಿದೆ ಅನ್ನಿಸಿತು. ಮರುದಿನ ಎಣ್ಣೆ ಕಾಸಿ, ಬೂದಿನೀರು ಬೆರೆಸಿ, ಉದ್ದನೆಯ ಸೌಟಿನಿಂದ ತಿರುವತೊಡಗಿದಳು.

ಹೊತ್ತು ನೆತ್ತಿಗೇರಿತು, ಇಳಿಯಿತು. ಸೋಪು ಕೂಡಲಿಲ್ಲ. ಕಪ್ಪಗೆ ಗಟ್ಟಿಯಾಗಿ ಮೇಲೆದ್ದು ಬರಬೇಕಾದದ್ದು ಬರಲೇ ಇಲ್ಲ. ಎಣ್ಣೆಯ ಪಾಡಿಗೆ ಎಣ್ಣೆ ತೇಲುತ್ತಿತ್ತು, ಕೆಳಗೆ ಮಡ್ಡಿನೀರು. ಇನ್ನಷ್ಟು ಸೌದೆ ನೂಕಿದಳು, ಭುಜ ಸೋಲುವವರೆಗೆ ತಿರುವಿದಳು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಮಡಕೆಯನ್ನು ಬೈದಳು, ಸೌದೆಯನ್ನು ಬೈದಳು, ಕೊನೆಗೆ ಸೊಸೆಯನ್ನು ಕೂಗಿದಳು.

"ಏನ್ ಮಾಡ್ದೆ ಹೇಳೇ! ಮೂಟೆಗೆ ಕೈ ಹಾಕಿ ಏನ್ ಬೆರೆಸಿದ್ದೀಯ? ಬೂದಿ ಮೇಲೆ ನಿನ್ನ ಬೆರಳು ನಾನು ನೋಡಿದ್ದೀನಿ!"

ಫೋಸುವಾ ಬಾಗಿಲಲ್ಲೇ ನಿಂತಳು. ಹಿತ್ತಲಿಗೆ ಕಾಲಿಡಬೇಡ ಎಂದ ಮಾತನ್ನು ಆಗಲೂ ಮೀರಲಿಲ್ಲ.

"ಈ ಸಲ ಏನೂ ಮಾಡ್ಲಿಲ್ಲ ಅತ್ತೆ. ಅದಕ್ಕೇ ಕೂಡ್ಲಿಲ್ಲ."

"ಅಂದ್ರೆ?"

"ಹೋದ ಮಳೆಗಾಲದಿಂದ ನೀವು ಆಯ್ತು ಅಂದ ನೀರು ಬರೀ ನೀರು. ನೀವು ಮಲಗಿದ ಮೇಲೆ ಮೂಟೆಯಿಂದ ಹೊಸ ಬೂದಿ ತುಂಬಿ ಅದನ್ನೇ ಇನ್ನೊಂದು ಸಲ ಇಳಿಸ್ತಿದ್ದೆ. ಗುರುತು ಕೆಟ್ಟಿದ್ದು ಕಂಡ್ರೆ ಬೈತೀರಾ ಅಂತ ನನ್ನ ಕೈ ಒತ್ತಿದ್ದೆ."

"ಕಚ್ಚೋದು ಎಷ್ಟು ಅಂತ ನಿನಗೆ ಹೇಳಿದ್ಯಾರು?"

"ಯಾರೂ ಇಲ್ಲ. ಮೊದಮೊದಲು ನೀವು ಸರಿಯಾಗೇ ಮಾಡ್ತಿದ್ದಿರಲ್ಲ, ಆಗ ನಿಮ್ಮ ಮಡಕೆ ತಳದಲ್ಲಿ ಉಳಿದದ್ದು ನೆಕ್ಕಿ ನೋಡಿ ಇಟ್ಕೊಂಡಿದ್ದೆ."

ಅಂದರೆ ಕದ್ದದ್ದು ನಿಜ. ಪೋಮಾ ಸೌಟು ಕೆಳಗಿಟ್ಟಳು, ಅವತ್ತಿನ ಸಪ್ಪೆ ಸಾರು ನೆನಪಾಯಿತು. ನೆಟ್ಟಗೆ ಅಡುಗೆಮನೆಗೆ ಹೋದಳು. ಒಂದು ಚಿಟಿಕೆ ಉಪ್ಪು ನಾಲಿಗೆ ಮೇಲಿಟ್ಟುಕೊಂಡಳು. ಮರಳು ಮುಟ್ಟಿದ ಹಾಗಾಯಿತೇ ಹೊರತು ಬೇರೇನೂ ಇಲ್ಲ. ಇನ್ನೊಂದು ಚಿಟಿಕೆ ಇಟ್ಟುಕೊಂಡಳು. ಊರಿನ ಒಬ್ಬೊಬ್ಬರ ಮೇಲೂ ಸಂಶಯಪಟ್ಟವಳು ತನ್ನ ನಾಲಿಗೆಯೊಂದನ್ನು ಮಾತ್ರ ಎಂದೂ ಸಂಶಯಪಟ್ಟಿರಲಿಲ್ಲ. ತಾಯಿ ಕೊಟ್ಟದ್ದು ಹೇಳದೆ ಕೇಳದೆ ಹೊರಟುಹೋಗಿತ್ತು. ಒಲೆಯ ಪಕ್ಕ ಕುಸಿದು ಕೂತು ಅತ್ತಳು, ಸದ್ದು ಮಾಡದೆ, ಕೊನಾಡುವಿಗೆ ಕೇಳಿಸೀತು ಎಂಬ ಭಯದಲ್ಲಿ.

ಆಮೇಲೆ ಎದ್ದು ಹಿತ್ತಲಿಗೆ ಬಂದಳು.

"ಬಾಗಿಲಲ್ಲಿ ಏನ್ ಗೂಟದ ಹಾಗೆ ನಿಂತಿದ್ದೀಯ? ಒಳ್ಳೇ ಬೂದಿ ತುಂಬು."

ಹೊಸ ಬೂದಿಯಿಂದ ನೀರು ಇಳಿಯತೊಡಗಿದಾಗ ಪೋಮಾ ತನ್ನ ಸೊಟ್ಟ ಬೆರಳನ್ನೇ ಅದ್ದಿ, ಸೊಸೆಯ ಬಾಯಿಯ ಹತ್ತಿರ ಹಿಡಿದಳು.

"ಆಯ್ತಾ?"

ಫೋಸುವಾ ಕಣ್ಣು ಮುಚ್ಚಿ ನೋಡಿದಳು. "ಇನ್ನೂ ಸ್ವಲ್ಪ ಬೇಕು ಅತ್ತೆ."

ಬೇಲಿಯ ಮೇಲೆ ಕೊನಾಡುವಿನ ತಲೆ ಮೂಡಿತು. "ಏನಕ್ಕಾ, ಸೊಸೆಗೆ ಬೆರಳು ತಿನ್ನಿಸ್ತಿದ್ದೀಯಾ?"

"ನಿನ್ನ ಒಲೆ ಮೇಲೆ ಏನೋ ಸೀಯ್ತಿದೆ, ಹೋಗಿ ನೋಡು!" ಎಂದ ಪೋಮಾ, ಸೊಸೆಗೆ ಅಡ್ಡವಾಗಿ ನಿಂತು ತನ್ನ ಬಟ್ಟೆಯ ಸೆರಗು ಅಗಲಿಸಿ ಹಿಡಿದಳು. ಮರುದಿನ ಸಂಜೆಗೆ ಸೋಪು ಕೂಡಿತು.

ಹೆರಿಗೆಯಾದ ಮೇಲೆ ಕುಮಾಸಿಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಪೋಮಾ ತಲೆಗೆ ಸೋಪು ಹಚ್ಚುತ್ತಿದ್ದಳು. ದೂಫಿಯೆ ತುಂಡನ್ನು ಮೂಸಿ ನೋಡಿದಳು.

"ನಿನ್ನ ಕೈಯ ಸೋಪಿಗೆ ಸಮ ಇಲ್ಲ ಬಿಡಮ್ಮಾ."

"ಕೈ ನನ್ನದು. ನಾಲಿಗೆ ಫೋಸುವಾಳದು."

ಮಗಳು ದಂಗಾದಳು. "ಬೇರೆ ಕುಲದವಳಿಗೆ ಕೊಟ್ಟುಬಿಟ್ಟೆಯಾ?"

"ನಾನೆಲ್ಲಿ ಕೊಟ್ಟೆ? ಕದ್ದಳು," ಎಂದಳು ಪೋಮಾ. "ಕದ್ದಿದ್ದಕ್ಕೇ ನಿನ್ನ ಮಗು ಇವತ್ತು ಮೀಯ್ತಿದೆ. ಸುಮ್ನೆ ನೀರು ಹಾಕು."